ಹೊರಗೆ ಕೂತ ಹದಿನಾಲ್ಕು ತಿಂಗಳು

ಆ ತಪಾಸಣಾ ಶಿಬಿರಕ್ಕೆ ನಾನು ಹೋಗದೆ ಇದ್ದದ್ದಕ್ಕೆ ಒಂದೇ ಕಾರಣ. ಅವತ್ತು ನಾನು ಹೊರಗಿದ್ದೆ.

ಹೊರಗಿದ್ದೆ ಎಂದರೆ ಊರಲ್ಲಿರಲಿಲ್ಲ ಎಂದಲ್ಲ. ಕೊಪ್ಪದ ನಮ್ಮ ಮನೆಯಲ್ಲೇ, ಹಿತ್ತಲ ಕಡೆಯ ಸಣ್ಣ ಕೋಣೆಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದೆ. ಮುಟ್ಟಾದರೆ ಮೂರು ದಿನ ಅಲ್ಲಿ ಕೂತು, ನಾಲ್ಕನೇ ದಿನ ತಲೆಗೆ ಸ್ನಾನ ಮಾಡಿ ಒಳಗೆ ಬರುವುದು ನಮ್ಮ ಮನೆಯ ಕಟ್ಟಳೆ. ಅದನ್ನು ನಡೆಸಿಕೊಂಡು ಬಂದ ಅತ್ತೆ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಕಟ್ಟಳೆ ಮಾತ್ರ ಗಟ್ಟಿಮುಟ್ಟಾಗಿತ್ತು.

ಶಿಬಿರ ಇಟ್ಟದ್ದು ದೇವಸ್ಥಾನದ ಕಲ್ಯಾಣಮಂಟಪದಲ್ಲಿ. ಹೆಂಗಸರಿಗೆ ಬರುವ ಕ್ಯಾನ್ಸರನ್ನು ಮೊದಲೇ ಪತ್ತೆ ಮಾಡುತ್ತಾರೆ, ದೊಡ್ಡ ಡಾಕ್ಟರುಗಳು ಬರುತ್ತಾರೆ, ದುಡ್ಡಿಲ್ಲ, ಮೂವತ್ತೈದು ದಾಟಿದವರೆಲ್ಲ ಬನ್ನಿ ಎಂದು ಆಟೋಕ್ಕೆ ಮೈಕು ಕಟ್ಟಿಕೊಂಡು ಕೂಗಿ ಹೋಗಿದ್ದರು. ನನಗೆ ಐವತ್ತೆರಡು. ಹೆಸರು ಬರೆಸಿದ್ದೆ. ಹಿಂದಿನ ದಿನ ಹೊರಗಾದೆ. ಮುಟ್ಟಾದವಳು ದೇವಸ್ಥಾನದ ಮಂಟಪದ ಮೆಟ್ಟಿಲು ಹತ್ತುವುದುಂಟೇ? ಪಕ್ಕದ ಮನೆಯವರ ಹತ್ತಿರ, ‘ನಾನು ಬರೋ ಹಾಗಿಲ್ಲ’ ಎಂದು ಹೇಳಿ ಕಳಿಸಿದೆ. ಆ ಮಾತಿಗೆ ಅರ್ಥ ಕೇಳುವ ಹೆಂಗಸು ನಮ್ಮ ಕಡೆ ಯಾರೂ ಇಲ್ಲ.

ಓದುತ್ತಿರುವ ನಿಮಗೆ ಈಗಲೇ ಗೊತ್ತಾಗಿರಬೇಕು. ಐವತ್ತೆರಡಕ್ಕೆ ಎಂತ ಮುಟ್ಟು? ನನಗೆ ನಿಂತು ಎರಡು ವರ್ಷ ದಾಟಿತ್ತು. ಶಿಬಿರಕ್ಕೆ ವರ್ಷದ ಹಿಂದೆ ಒಂದು ದಿನ ಮತ್ತೆ ಕಂಡಿತು. ಕಂಡಾಗ ಅಯ್ಯೋ ಎಂದುಕೊಂಡೆ ನಿಜ, ಅದು ಹಪ್ಪಳದ ಹಿಟ್ಟಿಗೆ. ಬೆಳಿಗ್ಗೆಯಷ್ಟೇ ಕಲಸಿಟ್ಟಿದ್ದೆ, ಇನ್ನು ಯಾರು ಲಟ್ಟಿಸುತ್ತಾರೆ ಎಂದು. ಕಾಯಿಲೆಯ ಯೋಚನೆ ಸುಳಿಯಲೇ ಇಲ್ಲ. ಮುಟ್ಟು ಎಂದರೆ ಏನು ಮಾಡಬೇಕೆಂದು ಹದಿಮೂರನೇ ವಯಸ್ಸಿನಿಂದ ಗೊತ್ತಿತ್ತು. ಚಾಪೆ, ಚೊಂಬು, ಒಂದು ಹಳೇ ಸೀರೆ ತೆಗೆದುಕೊಂಡು ಹಿತ್ತಲ ಕೋಣೆಗೆ ಹೋದೆ. ಬಸರೀಕಟ್ಟೆಯಲ್ಲಿರುವ ನನ್ನ ಓರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ ಸಾವಿತ್ರಿಯಕ್ಕನಿಗೆ ಆಮೇಲೆ ಫೋನಿನಲ್ಲಿ ಹೇಳಿದಾಗ, ‘ನಿಂಗೆ ಮತ್ತೆ ಪ್ರಾಯ ಬಂತು ಮಾರಾಯ್ತಿ!’ ಎಂದು ಕಿಸಕ್ಕನೆ ನಕ್ಕಳು. ನಾನೂ ನಕ್ಕೆ.

ಸುಳ್ಳು ಯಾಕೆ ಹೇಳಲಿ, ಆ ಮೂರು ದಿನ ನನಗೆ ಕಷ್ಟವೂ ಆಗುತ್ತಿರಲಿಲ್ಲ. ಕೆಲಸವಿಲ್ಲ. ವಾರಪತ್ರಿಕೆ ಓದಬಹುದು. ಇವರು, ಅಂದರೆ ನನ್ನ ಯಜಮಾನರು, ಪೇಟೆಯಲ್ಲಿ ಹಿಟ್ಟಿನ ಗಿರಣಿ ಇಟ್ಟವರು. ಮನೆಯಲ್ಲಿ ದಿನಾ ಪೂಜೆ ಮಾಡುವವರು. ನಾನು ಹೊರಗಾದರೆ ಅಡುಗೆಯೂ ಇವರದೇ. ಇವರ ಅಡುಗೆ ಎಂದರೆ ಮೂರು ದಿನವೂ ಅನ್ನ, ತಂಬುಳಿ, ಉಪ್ಪಿನಕಾಯಿ. ತಟ್ಟೆಯನ್ನು ಹೊಸ್ತಿಲಿನ ಆಚೆ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ‘ಬಡಿಸಿದ್ದೇನೆ’ ಎನ್ನುವರು. ಮುಂದಿನ ಸಲ ಯಾವಾಗ ತಾವೇ ಬೇಯಿಸಬೇಕಾದೀತು ಎಂದು ಅಂದಾಜು ಇರಲಿ ಅಂತ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕುತ್ತಿದ್ದರು. ಮದುವೆಯಾದ ವರ್ಷದಿಂದ ಇದ್ದ ಅಭ್ಯಾಸ. ಎರಡು ವರ್ಷ ಬಿಟ್ಟಿದ್ದ ಪೆನ್ಸಿಲನ್ನು ಮತ್ತೆ ಹುಡುಕಿ ತೆಗೆದರು.

ಮೊದಮೊದಲು ತಿಂಗಳಿಗೊಮ್ಮೆ ಇತ್ತು. ಆಮೇಲೆ ಇಪ್ಪತ್ತು ದಿನಕ್ಕೆ, ಹನ್ನೆರಡು ದಿನಕ್ಕೆ. ಒಮ್ಮೊಮ್ಮೆ ಬಟ್ಟೆಯ ಮೇಲೆ ಎರಡೇ ಹನಿ. ಎರಡು ಹನಿಗೂ ಮೂರು ದಿನವೇ. ಸೊಂಟ ನೋಯುತ್ತಿತ್ತು. ವಾಸನೆ ಬರುತ್ತಿತ್ತು. ಅದನ್ನು ಯಾರ ಹತ್ತಿರ ಹೇಳುವುದು?

ಆ ನಡುವೆ ನನ್ನ ತವರು ಕಿಗ್ಗದಲ್ಲಿ ಅಮ್ಮ ಹಾಸಿಗೆ ಹಿಡಿದಳು. ಎಂಬತ್ತನಾಲ್ಕು ವರ್ಷ. ತಮ್ಮ ಫೋನ್ ಮಾಡಿ, ‘ಅಕ್ಕ, ಬಂದುಬಿಡು, ನಿನ್ನನ್ನೇ ಕೇಳ್ತಿದಾಳೆ’ ಎಂದ. ಅವತ್ತು ನನಗೆ ಎರಡನೇ ದಿನ. ಆದರೂ ಹೊರಟೆ. ಶೃಂಗೇರಿಯಲ್ಲಿ ಬಸ್ಸು ಬದಲಾಯಿಸಿ ಮಧ್ಯಾಹ್ನ ತಲುಪಿದೆ. ಅಂಗಳದಲ್ಲೇ ನಿಂತು ತಮ್ಮನಿಗೆ ಹೇಳಿದೆ. ಅವನು ತಲೆ ಕೆಳಗೆ ಹಾಕಿದ. ಅಮ್ಮ ಮಲಗಿದ್ದ ಕೋಣೆಗೆ ಅಂಗಳದ ಕಡೆ ಒಂದು ಕಿಟಕಿ ಇತ್ತು. ಅಲ್ಲಿ ಹೋಗಿ ನಿಂತೆ.

ಒಳಗಿಂದ ಅಮ್ಮ, ‘ಗಿರಿಜಾ ಬಂದ್ಲಾ?’ ಎಂದಳು.

‘ಬಂದೆ ಅಮ್ಮ. ಹೊರಗಿದ್ದೇನೆ.’

ಅಮ್ಮನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ‘ಹಂಗಾರೆ ಅಲ್ಲೇ ಇರು. ಬಿಸಿಲಲ್ಲಿ ನಿಲ್ಲಬೇಡ’ ಎಂದಳು. ಕಿಟಕಿಯ ಸರಳಿನ ಆಚೆ ಅವಳ ಕೈ ಹಾಸಿಗೆಯ ಅಂಚಿಗೆ ಬಂದಿತ್ತು. ನನ್ನ ಕೈ ಚಾಚಿದ್ದರೆ ಸಿಗುತ್ತಿತ್ತು. ಚಾಚಲಿಲ್ಲ. ಅವಳೂ ಕರೆಯಲಿಲ್ಲ. ಮಾರನೆಯ ದಿನವೂ ಹಾಗೆಯೇ ಕಿಟಕಿಯ ಹತ್ತಿರ ಕೂತು ಅದೂ ಇದೂ ಮಾತಾಡಿದೆ. ನಾಲ್ಕನೇ ದಿನ ಬೆಳಿಗ್ಗೆ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾಗ ಅಮ್ಮ ಹೋದಳು. ಎಲ್ಲರೂ ಅವಳ ಬಾಯಿಗೆ ತುಳಸಿ ನೀರು ಬಿಟ್ಟರು. ಬಿಸಿನೀರಿನ ಹಂಡೆಯ ಪಕ್ಕ ನಿಂತು ಕಿಟಕಿಯಲ್ಲಿ ಅದನ್ನು ನೋಡಿದೆ. ಹೀಗೆ ಆಗಬೇಕೆಂದು ಇತ್ತು, ಆಯಿತು ಎಂದುಕೊಂಡು ಕೊಪ್ಪಕ್ಕೆ ವಾಪಸು ಬಂದೆ.

ಇದಾಗಿ ಕೆಲವು ತಿಂಗಳಿಗೆ, ನಾನು ಮೊದಲು ಹೇಳಿದ ಶಿಬಿರ. ಅದನ್ನು ತಪ್ಪಿಸಿದೆ. ತಪ್ಪಿಸಿಕೊಂಡವರಿಗೆಂದು ಇನ್ನೊಂದು ತಿಂಗಳು ಬಿಟ್ಟು ಅದೇ ಮಂಟಪದಲ್ಲಿ ಎರಡನೇ ಸಲ ಇಟ್ಟರು. ಆಗಲೂ ಹೊರಗಿದ್ದೆ, ಹೇಳಿ ಕಳಿಸಿದೆ. ಮಾರನೆಯ ದಿನ ನಸೀಮಾ ಸಿಸ್ಟರ್ ಮನೆಗೇ ಬಂದರು. ಬಾಳೆಹೊನ್ನೂರಿನ ಹುಡುಗಿ, ಸರ್ಕಾರಿ ನರ್ಸು. ಮನೆಮನೆ ತಿರುಗಿ ನಮ್ಮ ಬೀದಿಯ ಹೆಂಗಸರ ಹೆಸರೆಲ್ಲ ಬಾಯಿಪಾಠ ಮಾಡಿಕೊಂಡಿದ್ದವರು. ಮುಂಬಾಗಿಲಲ್ಲಿ ಯಾರೂ ಕಾಣದೆ ಹಿತ್ತಲಿಗೆ ಬಂದು, ನಾನು ಚಾಪೆಯ ಮೇಲೆ ಕೂತಿದ್ದನ್ನು ನೋಡಿದರು.

‘ಎಂತ ಗಿರಿಜಕ್ಕ, ಎರಡೂ ಸಲ ಕೈ ಕೊಟ್ರಲ್ಲ?’

‘ಎಂತ ಮಾಡೋದು, ಎರಡೂ ಸಲ ಹೊರಗಾದೆ.’

ಸಿಸ್ಟರ್ ನಗುತ್ತಾ ಪುಸ್ತಕ ತೆಗೆದವರು, ಬರೆಯದೆ ಪೆನ್ನು ಎತ್ತಿ ಹಿಡಿದರು. ‘ನಿಮಗೆ ವಯಸ್ಸೆಷ್ಟು ಅಂದ್ರಿ? ನಿಂತಿಲ್ವಾ ನಿಮಗೆ?’

‘ನಿಂತಿತ್ತು. ಎರಡು ವರ್ಷ. ಮತ್ತೆ ಶುರುವಾಯ್ತು.’

‘ಶುರುವಾಯ್ತು ಅಂದ್ರೆ? ಯಾವಾಗ?’

‘ಅದು ಇವರನ್ನ ಕೇಳ್ಬೇಕು. ಕ್ಯಾಲೆಂಡರಲ್ಲಿ ಬರೆದಿರ್ತಾರೆ.’

ಇವರು ಊಟಕ್ಕೆಂದು ಗಿರಣಿಯಿಂದ ಬಂದವರು, ಅಡುಗೆಮನೆಯ ಮೊಳೆಗೆ ಹಾಕಿದ್ದ ಹೋದ ವರ್ಷದ್ದೂ ಈ ವರ್ಷದ್ದೂ ಕ್ಯಾಲೆಂಡರ್ ತಂದು ಹೆಮ್ಮೆಯಿಂದಲೇ ತೋರಿಸಿದರು. ಸಿಸ್ಟರ್ ಒಂದೊಂದೇ ಹಾಳೆ ತಿರುವಿದರು. ತಿರುವುತ್ತಾ ಹೋದ ಹಾಗೆ ಕೆಂಪು ಸುತ್ತುಗಳು ಹತ್ತಿರ ಹತ್ತಿರವಾಗಿ, ಕೊನೆಯ ಹಾಳೆಯಲ್ಲಿ ಸುತ್ತಿಲ್ಲದ ತಾರೀಕುಗಳನ್ನೇ ಹುಡುಕಬೇಕಿತ್ತು.

‘ಹದಿನಾಲ್ಕು ತಿಂಗಳು’ ಎಂದರು ಸಿಸ್ಟರ್. ಆಮೇಲೆ ನನ್ನ ಯಜಮಾನರಿಗೆ, ‘ಅಣ್ಣ, ಇದನ್ನೆಲ್ಲ ಬರೆದಿಟ್ರಿ. ಯಾಕೆ ಹಿಂಗಾಗ್ತಿದೆ ಅಂತ ಒಬ್ಬರನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?’

ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಸತ್ಯವಾಗಿ ಹೇಳುತ್ತೇನೆ, ಅನ್ನಿಸಿರಲಿಲ್ಲ. ಮುಟ್ಟು ಎಂದು ಹೆಸರಿಟ್ಟ ಮೇಲೆ ಅದಕ್ಕೆ ಬೇಕಾದ ವ್ಯವಸ್ಥೆಯೆಲ್ಲ ನಮ್ಮ ಮನೆಯಲ್ಲಿ ಇತ್ತು. ಅದಕ್ಕಿಂತ ಆಚೆ ಯೋಚಿಸುವ ಅಗತ್ಯ ನಮಗೆ ಬೀಳಲಿಲ್ಲ.

ಸಿಸ್ಟರೇ ಫೋನ್ ಮಾಡಿ ಮಂಗಳೂರಿನ ಒಂದು ದೊಡ್ಡಾಸ್ಪತ್ರೆಗೆ ದಿನ ಗೊತ್ತು ಮಾಡಿದರು. ‘ನಾಲ್ಕನೇ ದಿನ ಆಗ್ಲಿ, ಸ್ನಾನ ಮಾಡಿ ಹೋಗ್ತೀನಿ’ ಎಂದೆ. ‘ನಾಳೆನೇ ಹೋಗ್ತೀರಿ’ ಎಂದರು. ಅಷ್ಟು ಚಿಕ್ಕ ಹುಡುಗಿ ನನ್ನನ್ನು ಗದರಿಸಿದ್ದು ಅದೇ ಮೊದಲು. ಕ್ಯಾಲೆಂಡರ್ ತೆಗೆದುಕೊಂಡೇ ಹೋಗಿ ಎಂದೂ ಹೇಳಿದರು.

ಆಸ್ಪತ್ರೆಯಲ್ಲಿ ಕಾಯುವ ಜಾಗದಲ್ಲಿ ಉದ್ದುದ್ದ ಬೆಂಚುಗಳು. ನಾನು ಕೂರಲಿಲ್ಲ. ಮುಟ್ಟಾದವಳು ಎಲ್ಲರ ಜೊತೆ ಕೂರುವುದು ಹೇಗೆ? ಗೋಡೆಯ ಹತ್ತಿರ ನಿಂತೆ. ಒಂದು ಗಂಟೆ, ಎರಡು ಗಂಟೆ. ಉಪ್ಪಳದ ಕಡೆಯ ಒಬ್ಬ ಬ್ಯಾರಿ ಹೆಂಗಸು ತನ್ನ ಚೀಲ ಸರಿಸಿ, ‘ಕೂತ್ಕೊಳ್ಳಿ’ ಎಂದರು. ಅವರ ಕಿವಿಯಲ್ಲಿ ಹೇಳಿದೆ. ಅವರು ಸುತ್ತ ಒಮ್ಮೆ ನೋಡಿ, ‘ಇಲ್ಲಿ ಕೂತವರಿಗೆಲ್ಲ ಅದೇ ಅಲ್ವಾ’ ಎಂದರು. ಕೂತೆ. ಆ ಬೆಂಚುಗಳಲ್ಲಿ ಹದಿನಾರು ಹೆಂಗಸರಿದ್ದೆವು. ಎಲ್ಲರೂ ಎದುರಿನ ಗೋಡೆ ನೋಡುತ್ತಿದ್ದೆವು.

ಡಾಕ್ಟರು ಒಬ್ಬ ಹೆಣ್ಣುಮಗಳು. ಪರೀಕ್ಷೆ ಮಾಡಿ, ಲ್ಯಾಬಿಗೆಂದು ಒಳಗಿನ ಒಂದು ತುಣುಕು ತೆಗೆದು, ಕೈ ತೊಳೆದು ಬಂದು, ‘ಯಾವಾಗಿಂದ?’ ಎಂದರು. ಇವರು ಚೀಲದಿಂದ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಹರಡಿದರು. ಏಕಾದಶಿ, ಸಂಕಷ್ಟಿಗಳ ನಡುವೆ ನನ್ನ ಕೆಂಪು ಸುತ್ತುಗಳು.

‘ಇದನ್ನ ಯಾರು ಗುರುತು ಮಾಡಿದ್ದು?’

‘ನಾನೇ. ಒಂದು ದಿನವೂ ತಪ್ಪಿಲ್ಲ’ ಎಂದರು ಇವರು.

ಡಾಕ್ಟರು ತುಂಬ ಹೊತ್ತು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಮೊದಲನೇ ಸುತ್ತಿನ ಮೇಲೆ ಬೆರಳಿಟ್ಟು, ‘ಇಲ್ಲಿ ಬಂದಿದ್ರೆ ಒಳ್ಳೇದಿತ್ತು’ ಎಂದು ಮಾತ್ರ ಹೇಳಿದರು.

ಹತ್ತು ದಿನಕ್ಕೆ ರಿಪೋರ್ಟು ಬಂತು. ಗರ್ಭಕೋಶದ ಬಾಯಿಯ ಕ್ಯಾನ್ಸರ್. ಸುತ್ತ ಹರಡಲು ಶುರುವಾಗಿದೆ, ಆಪರೇಷನ್ನಿಗೆ ಬರುವುದಿಲ್ಲ, ಕರೆಂಟು, ಅಂದರೆ ರೇಡಿಯೇಶನ್, ಕೊಡಬೇಕು, ಜೊತೆಗೆ ವಾರಕ್ಕೊಮ್ಮೆ ಔಷಧಿ ಎಂದರು. ಉಳಿಯುತ್ತಾಳಾ ಎಂದು ಇವರು ಕೇಳಿದರು. ಅರ್ಧಕ್ಕಿಂತ ಹೆಚ್ಚು ಭರವಸೆ ಇದೆ ಎಂದರು. ಅವರಿಬ್ಬರೂ ಬೇರೆ ಯಾರದೋ ವಿಷಯ ಮಾತಾಡುತ್ತಿದ್ದಾರೆ ಎಂಬಂತೆ ಕೇಳುತ್ತಾ ಕೂತಿದ್ದೆ. ನರಸಿಂಹರಾಜಪುರದಲ್ಲಿ ಟೀಚರಾಗಿರುವ ಮಗಳು ವಿದ್ಯಾ ಫೋನಿನಲ್ಲಿ ಗೊಳೋ ಎಂದು ಅತ್ತಳು. ‘ಅಮ್ಮ, ನೀನೂ ಅಳು, ಹಗುರ ಆಗ್ತದೆ’ ಎಂದಳು. ಬರಲಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟರೆ ತುಟಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ, ಮೈಗೆಲ್ಲ ಹಾಗಾಗಿತ್ತು.

ಆಸ್ಪತ್ರೆಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಐದು ವಾರ, ದಿನಾ ಹೋಗಿ ಬರುವುದು. ಹೊಟ್ಟೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆದು, ಅಳಿಸಬೇಡಿ ಎಂದರು. ದೊಡ್ಡ ಯಂತ್ರದ ಕೆಳಗೆ ಮಲಗಿಸಿ ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಬ್ಬಳೇ ಇರುವುದು ನನಗೆ ರೂಢಿ ಇತ್ತು, ಹೆದರಿಕೆ ಆಗಲಿಲ್ಲ. ಆಮೇಲೆ ಶುರುವಾಯಿತು ಭೇದಿ, ವಾಕರಿಕೆ, ಉರಿ. ಅನ್ನದ ವಾಸನೆ ಬಂದರೆ ಎದ್ದು ಓಡುತ್ತಿದ್ದೆ. ಇವರು ಅಲ್ಲಿಯೂ ತಂಬುಳಿ ಮಾಡಿದರು, ಮಜ್ಜಿಗೆಯನ್ನು ಮಾತ್ರ ತೆಳ್ಳಗೆ. ಅದೊಂದೇ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಮೂವತ್ತು ವರ್ಷ ಇವರ ತಂಬುಳಿಯನ್ನು ಆಡಿಕೊಂಡು ನಕ್ಕವಳು, ಲೋಟ ಕೆಳಗಿಡದೆ ಕುಡಿದೆ. ಉಪ್ಪಳದ ಆ ಹೆಂಗಸಿಗೂ ದಿನಾ ನನ್ನದೇ ಹೊತ್ತು. ಮೊದಲು ಬಂದವರು ಇನ್ನೊಬ್ಬರಿಗೆ ಜಾಗ ಹಿಡಿಯುತ್ತಿದ್ದೆವು. ಮೂರನೇ ವಾರದ ಮೇಲೆ ಅವರು ಬರಲಿಲ್ಲ. ಎರಡು ದಿನ ಅವರ ಜಾಗದಲ್ಲಿ ನನ್ನ ಚೀಲ ಇಟ್ಟೆ. ಮೂರನೇ ದಿನ ಬೇರೆಯವರು ಚೀಲ ತೆಗೆಯಿರಿ ಎಂದರು, ತೆಗೆದೆ.

ನಾಲ್ಕನೇ ವಾರಕ್ಕೆ ರಕ್ತ ಹೋಗುವುದು ನಿಂತಿತು. ವಾರದ ಪರೀಕ್ಷೆಗೆ ಹೋದಾಗ ಡಾಕ್ಟರನ್ನು ಕೇಳಿದೆ: ‘ಈಗ ನಿಂತಿದೆಯಲ್ಲ ಡಾಕ್ಟ್ರೇ, ತಲೆಗೆ ಸ್ನಾನ ಮಾಡಬಹುದಾ? ಹೊಟ್ಟೆಯ ಗೆರೆ ಅಳಿಸದ ಹಾಗೆ ಮಾಡ್ತೀನಿ. ಆಮೇಲೆ ಇವರು ಕೋಣೆಯಲ್ಲಿ ಪೂಜೆ ಶುರು ಮಾಡ್ತಾರಂತೆ.’

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಕೇಳಿ, ಪೆನ್ನು ಕೆಳಗಿಟ್ಟರು.

‘ಅಮ್ಮಾ, ಅದು ಮುಟ್ಟಲ್ಲ.’

‘ಅಲ್ವಾ?’

‘ಅಲ್ಲ. ಒಂದು ದಿನವೂ ಅಲ್ಲ. ಅದು ಗಾಯ. ಗಾಯದಿಂದ ರಕ್ತ ಬರ್ತಿತ್ತು. ಕಾಲಿಗೆ ಗಾಯ ಆದ್ರೆ ನೀವು ಹೊರಗೆ ಕೂರ್ತೀರಾ?’

‘ಇಲ್ಲ’ ಎಂದೆ. ಚೀಟಿ ತೆಗೆದುಕೊಂಡು ಎದ್ದೆ. ಹೊರಗೆ ಇವರು ಮಜ್ಜಿಗೆಯ ಪಾತ್ರೆ ಹಿಡಿದು ನಿಂತಿದ್ದರು. ‘ಅದು ಮುಟ್ಟಲ್ಲವಂತೆ. ಗಾಯವಂತೆ’ ಎಂದೆ. ಇವರು ‘ಹಾಗಾದ್ರೆ ಕಿಗ್ಗದಲ್ಲಿ…’ ಎಂದು ಬಾಯಿ ತೆರೆದವರು, ಅಲ್ಲಿಗೇ ನಿಲ್ಲಿಸಿದರು.

ನಾನು ಒಳಗೆ ಹೋಗಬಹುದಿತ್ತು. ಅಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬಹುದಿತ್ತು. ಬಾಯಿಗೆ ನೀರು ಬಿಡಬಹುದಿತ್ತು. ನನ್ನನ್ನು ತಡೆದದ್ದು ಏನೂ ಇರಲಿಲ್ಲ. ಆ ಕಾರಿಡಾರಿನಲ್ಲಿ ಔಷಧಿ ಅಂಗಡಿಯ ಸಾಲಿನ ಪಕ್ಕ ನೆಲದ ಮೇಲೆ ಕೂತು ಅತ್ತೆ. ಬಾಯಿ ಬಿಟ್ಟು, ನಾಚಿಕೆಯಿಲ್ಲದೆ. ಜನ ದಾಟಿಕೊಂಡು ಹೋದರು. ಕ್ಯಾನ್ಸರಿಗೆ ಬರದ ಅಳು ಅದು. ಇವರ ಮೇಲೆ ಸಿಟ್ಟು ಬಂತು, ಆ ಕೆಂಪು ಪೆನ್ಸಿಲಿನ ಮೇಲೆ, ಸತ್ತ ಅತ್ತೆಯ ಮೇಲೆ. ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ. ಇಷ್ಟು ವಯಸ್ಸಾಗಿ, ನನ್ನ ಮೈಯಲ್ಲಿ ಆಗುತ್ತಿದ್ದದ್ದು ಏನೆಂದು ನನಗೇ ಗೊತ್ತಿರಲಿಲ್ಲ. ಇವರು ಪಾತ್ರೆಯನ್ನು ಕೆಳಗಿಟ್ಟು ಪಕ್ಕದಲ್ಲಿ ಕೂತರು. 

ಅದಾದ ಮೇಲೆ ಮತ್ತೆ ಮರಗಟ್ಟಿದ ಹಾಗೇ ಆಯಿತು. ಆಮೇಲೆ ಒಳಗೇ ನಳಿಗೆ ಇಟ್ಟು ಕೊಡುವ ಒಳಗಿನ ಕರೆಂಟು ಮೂರು ಸಲ ಕೊಟ್ಟರು. ಅದರ ನೋವನ್ನು ಬರೆಯುವುದಿಲ್ಲ, ಅನುಭವಿಸಿದವರಿಗೆ ಗೊತ್ತು, ಅನುಭವಿಸಬೇಕಾದವರನ್ನು ಹೆದರಿಸುವುದು ಬೇಡ. ತಡೆದುಕೊಳ್ಳಬಹುದು ಎಂದಷ್ಟೇ ಹೇಳುತ್ತೇನೆ. ಕೊಪ್ಪಕ್ಕೆ ಬಂದೆ. ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ತೋರಿಸಿದೆ. ಹೋಗುವ ಹಿಂದಿನ ವಾರವೆಲ್ಲ ಮಾತು ಕಡಿಮೆ. ‘ಏನಿಲ್ಲ, ಚೆನ್ನಾಗಿದೆ’ ಎಂದು ಅವರು ಹೇಳಿದಾಗ ಕುಣಿಯುವಂಥ ಸಂತೋಷವೇನೂ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ನಿದ್ದೆ ಬರುತ್ತಿತ್ತು. ಹಿತ್ತಲ ಕೋಣೆಯಲ್ಲಿ ಇವರು ಗಿರಣಿಯ ಖಾಲಿ ಚೀಲ ತುಂಬಿದರು.

ಮೂರು ವರ್ಷದ ಮೇಲೆ ಬಸರೀಕಟ್ಟೆಯಲ್ಲಿ ಸಾವಿತ್ರಿಯಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಅವತ್ತಿನ ನಂತರ ಅವಳಿಗಾದ ಪರೀಕ್ಷೆಯ ಫಲವನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರು ಉಸಿರು ಬಿಗಿ ಹಿಡಿಯುವುದು ಬೇಡ. ಅವಳ ಕ್ಯಾನ್ಸರ್ ಶುರುವಿನಲ್ಲೇ ಸಿಕ್ಕಿತು, ಗರ್ಭಕೋಶ ತೆಗೆದರು, ಕರೆಂಟೂ ಬೇಕಾಗಲಿಲ್ಲ. ಈಗ ನನಗಿಂತ ದಪ್ಪಗಿದ್ದಾಳೆ.

ಅವತ್ತು ಮನೆ ತುಂಬ ನೆಂಟರು. ಸಾವಿತ್ರಿಯಕ್ಕ ಎಲ್ಲಿ ಎಂದೆ. ಸೊಸೆ ದನಿ ತಗ್ಗಿಸಿ, ‘ಅತ್ತೆ ಹೊರಗೆ’ ಎಂದಳು. ಸೊಸೆಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಸಾವಿತ್ರಿಯಕ್ಕನಿಗೆ ಅರವತ್ತರ ಹತ್ತಿರ. ನಾನು ಕೈಯಲ್ಲಿದ್ದ ಹೂವಿನ ತಟ್ಟೆ ಅಲ್ಲೇ ಇಟ್ಟು ಹಿಂದಿನ ಕೊಟ್ಟಿಗೆಗೆ ಹೋದೆ. ಅವಳು ಚಾಪೆಯ ಮೇಲೆ ಕೂತು ಹೂಬತ್ತಿಗೆ ಹತ್ತಿ ಬಿಡಿಸಲೂ ಆಗದೆ ಸುಮ್ಮನೆ ಕೈ ಕಟ್ಟಿಕೊಂಡಿದ್ದಳು. ನನ್ನನ್ನು ನೋಡಿ ನಾಚಿಕೊಂಡಳು. ‘ನಂಗೂ ಶುರುವಾಯ್ತು ನೋಡೆ, ಈ ಮುದುಕಿಗೆ. ಎರಡನೇ ಸಲ. ಪೂಜೆ ದಿನವೇ ಬರಬೇಕಾ?’

‘ನಂದು ಎಂತ ಆಗಿತ್ತು ಅಂತ ಗೊತ್ತಿಲ್ವಾ ನಿಂಗೆ?’

‘ನಿಂದು ಕಾಯಿಲೆ ಕಣೆ. ಇದು ಅದಲ್ಲ, ಇದು ಮಾಮೂಲಿ.’

ನಾನು ಹೋಗಿ ಅವಳ ಕೈ ಹಿಡಿದೆ. ಅವಳು ಚೀರಿದಳು: ‘ಅಯ್ಯೋ, ಮುಟ್ಟಿದ್ಯಲ್ಲೇ! ಒಳಗೆ ನೈವೇದ್ಯ ಆಗಿಲ್ಲ ಇನ್ನೂ!’ ಕೈ ಎಳೆದುಕೊಂಡಳು. ಬಿಡಲಿಲ್ಲ. ಎಬ್ಬಿಸಿ ಅಂಗಳಕ್ಕೆ ಕರೆತಂದೆ. ಗಲಾಟೆ ಕೇಳಿ ಅವಳ ಗಂಡ, ನನ್ನ ಭಾವ, ಮಡಿಯಲ್ಲೇ ಬಾಗಿಲಿಗೆ ಬಂದರು. ಅವರ ಹಿಂದೆ ನೆಂಟರು. 

‘ಗಿರಿಜಾ, ಇದೆಂತ ಮಾಡಿದೆ? ಸ್ನಾನ ಮಾಡಿ ಒಳಗೆ ಬಾ’ ಎಂದರು ಭಾವ.

‘ಒಳಗೆ ಬರಲ್ಲ ಭಾವ. ಇವಳನ್ನ ಕರ್ಕೊಂಡು ಹೋಗ್ತೀನಿ. ಇವಳಿಗೆ ಆಗಿರೋದು ಮುಟ್ಟಲ್ಲ, ಒಳಗೆ ಎಲ್ಲೋ ಗಾಯ. ಪೂಜೆ ಯಾರಾದ್ರೂ ಮುಗಿಸಲಿ. ಜೀಪ್ ತೆಗೀರಿ.’

  ಮೂವತ್ತು ವರ್ಷದಲ್ಲಿ ಭಾವನಿಗೆ ನಾನು ಎದುರು ನಿಂತು ಮಾತಾಡಿದವಳಲ್ಲ. ಅವರು ನನ್ನನ್ನು ನೋಡಿದರು. ಆಮೇಲೆ ಹೆಂಡತಿಯನ್ನು. ಸಾವಿತ್ರಿಯಕ್ಕನ ಸೀರೆಯ ಅಂಚಿಗೆ ಕಲೆಯಾಗಿತ್ತು. ಮುಚ್ಚಿಕೊಳ್ಳಲು ಒದ್ದಾಡುತ್ತಿದ್ದಳು.

ಭಾವ ಒಳಗೆ ಹೋದರು. ಬರುವುದಿಲ್ಲ ಎಂದುಕೊಂಡೆ. ಬಂದರು, ಮಡಿಪಂಚೆಯ ಮೇಲೆ ಅಂಗಿ ಹಾಕಿಕೊಂಡು, ಕೈಯಲ್ಲಿ ಜೀಪಿನ ಕೀ. ಹಿಂದಿನ ಬಾಗಿಲು ತೆಗೆದು ನಿಂತರು. ಜೀಪಿನ ಮೆಟ್ಟಿಲು ಎತ್ತರ, ಸಾವಿತ್ರಿಯಕ್ಕನಿಗೆ ಮೊಣಕಾಲು ನೋವು, ಒಬ್ಬಳೇ ಹತ್ತಲಾರಳು. ನಾನು ಮುಂದೆ ಹೋಗುವಷ್ಟರಲ್ಲಿ ಭಾವ ಕೈ ಚಾಚಿದರು.

ಅವಳು ಆ ಕೈಯನ್ನು ನೋಡಿದಳು. ‘ನಾನು ಹೊರಗಿದ್ದೇನೆ’ ಎಂದಳು.

‘ಗೊತ್ತು, ಹತ್ತು’ ಎಂದರು ಭಾವ.